ಕಾಣದ ಅಕ್ಷರಗಳು: ಸರ್ಚ್ ಎಂಜಿನ್‌ಗಳಿಗಾಗಿ ಅಡಗಿಸಿಟ್ಟ ಪಠ್ಯದಲ್ಲಿ ತಪ್ಪೇನಿದೆ?

2025ರ ಜುಲೈ ತಿಂಗಳಲ್ಲಿ ಜಪಾನಿನ ನಿಕ್ಕೇ ಸುದ್ದಿಸಂಸ್ಥೆ ಒಂದು ವಿಚಿತ್ರ ವರದಿಯನ್ನು ಪ್ರಕಟಿಸಿತು. ಸಂಶೋಧಕರು ತಮ್ಮ ಪ್ರಬಂಧಗಳನ್ನು ಅಧಿಕೃತ ಪ್ರಕಟಣೆಗೆ ಮುಂಚೆಯೇ ಹಂಚಿಕೊಳ್ಳುವ ಆರ್ಕೈವ್ ಎಂಬ ತಾಣದಲ್ಲಿ, 8 ದೇಶಗಳ 14 ಸಂಸ್ಥೆಗಳಿಗೆ ಸೇರಿದ ಲೇಖಕರ 17 ಪ್ರಬಂಧಗಳ ಒಳಗೆ ಮನುಷ್ಯರ ಕಣ್ಣಿಗೆ ಬೀಳದ ಸೂಚನೆಗಳು ಸಿಕ್ಕಿದ್ದವು. ಬಿಳಿ ಪುಟದ ಮೇಲೆ ಬಿಳಿ ಬಣ್ಣದಲ್ಲಿ, ಇಲ್ಲವೇ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ ಬರೆದಿದ್ದ ಆ ಸಾಲುಗಳನ್ನು ಉದ್ದೇಶಿಸಿದ್ದು ಎಐ ಸಾಧನಗಳಿಗೆ. ಪ್ರಬಂಧದ ಪರಿಶೀಲನೆಯನ್ನು ಯಾರಾದರೂ ಅಂಥ ಸಾಧನಕ್ಕೆ ಒಪ್ಪಿಸಿದರೆ, ಅದು ಒಳ್ಳೆಯ ಅಭಿಪ್ರಾಯವನ್ನೇ ಕೊಡಬೇಕು ಎಂಬುದು ಅವುಗಳ ಸಾರವಾಗಿತ್ತು.

ಸುದ್ದಿ ಓದಿದ ಹಲವರಿಗೆ ಇದು ಎಐ ಕಾಲದ ಹೊಸ ಕುತಂತ್ರವೆಂದು ತೋರಿರಬಹುದು. ಆದರೆ ಜಾಲತಾಣಗಳನ್ನು ಕಟ್ಟುವ ಕೆಲಸದಲ್ಲಿ ಬಹುಕಾಲದಿಂದ ಇರುವವರಿಗೆ ಬಿಳಿಯ ಮೇಲೆ ಬಿಳಿ ಬರೆಯುವ ಈ ಉಪಾಯ ಚೆನ್ನಾಗಿ ಗೊತ್ತಿರುವಂಥದ್ದು. ಹುಡುಕಾಟದ ಫಲಿತಾಂಶಗಳಲ್ಲಿ ಮೇಲಿನ ಸ್ಥಾನ ಪಡೆಯಲು 1990ರ ದಶಕದಿಂದಲೂ ಅದನ್ನು ಬಳಸುತ್ತ ಬಂದಿದ್ದಾರೆ. ಅದು ಹೇಗೆ ಕೆಲಸ ಮಾಡುತ್ತಿತ್ತು, ಅದನ್ನು ಮೋಸವೆಂದು ಕರೆಯಲು ಕಾರಣವೇನು, ಪುಟದಲ್ಲಿ ಅಡಗಿರುವ ಎಲ್ಲ ಪಠ್ಯವನ್ನೂ ಹಾಗೆ ಕರೆಯಬಹುದೇ ಎಂಬುದನ್ನು ಬುಡದಿಂದ ನೋಡೋಣ.

ಸರ್ಚ್ ಎಂಜಿನ್ ಪುಟವನ್ನು ಓದುವ ಬಗೆ

ಗೂಗಲ್, ಬಿಂಗ್ ಮುಂತಾದ ಸರ್ಚ್ ಎಂಜಿನ್‌ಗಳು ನಾವು ಪ್ರಶ್ನೆ ಕೇಳಿದ ಕ್ಷಣದಲ್ಲಿ ಇಡೀ ಅಂತರಜಾಲವನ್ನು ಜಾಲಾಡುವುದಿಲ್ಲ. ಆ ಕೆಲಸ ಮುಂಚೆಯೇ ಆಗಿರುತ್ತದೆ. ಬಾಟ್ ಎಂದು ಕರೆಯಲಾಗುವ ತಂತ್ರಾಂಶಗಳು ಕೊಂಡಿಗಳ ಜಾಡು ಹಿಡಿದು ಒಂದು ಪುಟದಿಂದ ಇನ್ನೊಂದಕ್ಕೆ ಹೋಗುತ್ತ, ಸಿಕ್ಕಿದ ಪಠ್ಯವನ್ನು ತಂದು ದೊಡ್ಡದೊಂದು ಸೂಚಿಯಲ್ಲಿ ದಾಖಲಿಸುತ್ತವೆ. ದಪ್ಪ ಪುಸ್ತಕಗಳ ಕೊನೆಯಲ್ಲಿ, ಯಾವ ಪದ ಯಾವ ಪುಟದಲ್ಲಿದೆ ಎಂದು ತಿಳಿಸುವ ಪದಸೂಚಿ ಇರುತ್ತದಲ್ಲ, ಈ ಸೂಚಿಯೂ ಅದೇ ಬಗೆಯದು. ನಾವು ಪದಗಳನ್ನು ಟೈಪ್ ಮಾಡಿದಾಗ ಯಂತ್ರ ಈ ಸೂಚಿಯನ್ನು ತೆರೆದು, ಹೊಂದುವ ಪುಟಗಳನ್ನು ಆರಿಸಿ, ಯಾವುದು ಮೊದಲು, ಯಾವುದು ನಂತರ ಎಂದು ಕ್ರಮಗೊಳಿಸಿ ತೋರಿಸುತ್ತದೆ.

ಆ ಕ್ರಮದಲ್ಲಿ ತನ್ನ ಪುಟ ಮೇಲೆ ಬರುವಂತೆ ಮಾಡುವ ಪ್ರಯತ್ನಗಳಿಗೆ ಒಟ್ಟಾಗಿ ಎಸ್‌ಇಒ ಎಂಬ ಹೆಸರಿದೆ. ಇದು ಸ್ವತಃ ಕೆಟ್ಟ ಕೆಲಸವೇನಲ್ಲ. ಪುಟಕ್ಕೆ ಅರ್ಥಪೂರ್ಣ ಶೀರ್ಷಿಕೆ ಕೊಡುವುದು, ಓದುಗರು ನಿಜವಾಗಿ ಬಳಸುವ ಪದಗಳಲ್ಲಿ ಬರೆಯುವುದು, ಪುಟ ಬೇಗ ತೆರೆಯುವಂತೆ ನೋಡಿಕೊಳ್ಳುವುದು, ಎಲ್ಲವೂ ಎಸ್‌ಇಒ ಕೆಲಸಗಳೇ. ಸರ್ಚ್ ಎಂಜಿನ್ ಕಂಪನಿಗಳು ತಾವೇ ಇವನ್ನು ಶಿಫಾರಸು ಮಾಡುತ್ತವೆ.

ತೊಡಕು ಹುಟ್ಟುವುದು ಜಾಲಪುಟಕ್ಕೆ ಎರಡು ರೂಪಗಳಿರುವುದರಿಂದ. ಒಂದು, ಎಚ್‌ಟಿಎಂಎಲ್ ಎಂಬ ಗುರುತುಭಾಷೆಯಲ್ಲಿ ಬರೆದ ಮೂಲ ಕಡತ. ಇನ್ನೊಂದು, ಬ್ರೌಸರ್ ಆ ಕಡತವನ್ನೂ ಅದರ ಜೊತೆಗಿರುವ ಬಣ್ಣ, ಅಳತೆ, ಜಾಗ ಮುಂತಾದ ಅಲಂಕಾರದ ಸೂಚನೆಗಳನ್ನೂ ಸೇರಿಸಿ ಪರದೆಯ ಮೇಲೆ ಮೂಡಿಸುವ ನೋಟ. ಹಿಂದಿನ ಸರ್ಚ್ ಎಂಜಿನ್‌ಗಳು ಬಹುಮಟ್ಟಿಗೆ ಮೊದಲನೆಯದನ್ನಷ್ಟೇ ಓದುತ್ತಿದ್ದವು, ಮನುಷ್ಯರಾದರೋ ಎರಡನೆಯದನ್ನು ಮಾತ್ರ ನೋಡುತ್ತಾರೆ. ಯಂತ್ರ ಓದಿದ್ದಕ್ಕೂ ಮನುಷ್ಯ ಕಂಡದ್ದಕ್ಕೂ ನಡುವಿನ ಈ ಅಂತರದಲ್ಲಿಯೇ ಅಡಗಿದ ಪಠ್ಯ ನೆಲೆಸಿದೆ.

ಅಡಗಿಸುವ ಉಪಾಯಗಳು

ಎಲ್ಲಕ್ಕಿಂತ ಸರಳವಾದದ್ದು ಹಿನ್ನೆಲೆಯ ಬಣ್ಣದಲ್ಲಿಯೇ ಅಕ್ಷರಗಳನ್ನು ಬರೆಯುವುದು. ಅಕ್ಷರದ ಗಾತ್ರವನ್ನು ಸೊನ್ನೆ ಮಾಡುವುದು, ಅದನ್ನು ಪೂರ್ತಿ ಪಾರದರ್ಶಕವಾಗಿಸುವುದು, ಚಿತ್ರದ ಹಿಂದೆ ಇಡುವುದು ಇದರ ನಂತರದ ಉಪಾಯಗಳು. ಪರದೆಯ ಎಡ ಅಂಚಿನಿಂದ ಸಾವಿರಾರು ಪಿಕ್ಸೆಲ್‌ಗಳಷ್ಟು ಆಚೆಗೆ ಪಠ್ಯವನ್ನು ತಳ್ಳಿಬಿಡುವುದು ಇನ್ನೊಂದು ಬಗೆ: ಕಡತದಲ್ಲಿ ಪಠ್ಯ ಇರುತ್ತದೆ, ಯಾರ ಪರದೆಯಲ್ಲೂ ಅದು ಕಾಣುವುದಿಲ್ಲ. ಕೊಂಡಿಗಳನ್ನೂ ಹೀಗೆಯೇ ಅಡಗಿಸಬಹುದು. ವಾಕ್ಯದ ನಡುವಿನ ಒಂದು ಅಡ್ಡಗೆರೆಗೆ ಮಾತ್ರ ಕೊಂಡಿ ಕೊಟ್ಟರೆ ಓದುಗರು ಅದನ್ನು ಒತ್ತುವುದು ಹೋಗಲಿ, ಗಮನಿಸುವುದೂ ಇಲ್ಲ. ಆದರೆ ಯಂತ್ರ ಅದನ್ನು ಒಂದು ಕೊಂಡಿಯೆಂದೇ ಎಣಿಸುತ್ತದೆ.

ಇದಕ್ಕೆ ಹತ್ತಿರದ ಇನ್ನೊಂದು ವಿಧಾನಕ್ಕೆ ಕ್ಲೋಕಿಂಗ್ ಎನ್ನುತ್ತಾರೆ. ಇದರಲ್ಲಿ ಪಠ್ಯವನ್ನು ಪುಟದೊಳಗೆ ಮರೆಮಾಚುವ ಬದಲು, ಬಂದವರು ಬಾಟೋ ಮನುಷ್ಯರೋ ಎಂದು ಸರ್ವರ್ ಗುರುತಿಸಿ ಇಬ್ಬರಿಗೂ ಬೇರೆ ಬೇರೆ ಪುಟಗಳನ್ನೇ ಕೊಡುತ್ತದೆ. ತಂತ್ರ ಬೇರೆಯಾದರೂ ಇವೆರಡರ ನೈತಿಕ ಪ್ರಶ್ನೆ ಒಂದೇ ಆಗಿರುವುದರಿಂದ ಈ ಲೇಖನದಲ್ಲಿ ಎರಡೂ ಬರುತ್ತವೆ.

ಈ ಚಾಳಿ ಬೆಳೆದ ಬಗೆ

1995ರ ಡಿಸೆಂಬರಿನಲ್ಲಿ ಆರಂಭವಾದ ಆಲ್ಟಾವಿಸ್ಟಾ ಮತ್ತು ಅದರ ಸಮಕಾಲೀನ ಸರ್ಚ್ ಎಂಜಿನ್‌ಗಳು ಪುಟದ ಮಹತ್ವವನ್ನು ಅಳೆಯಲು ಮುಖ್ಯವಾಗಿ ಆ ಪುಟದೊಳಗಿನ ಪದಗಳನ್ನೇ ನೆಚ್ಚಿದ್ದವು. ಒಂದು ಪದ ಪುಟದಲ್ಲಿ ಎಷ್ಟು ಸಲ, ಯಾವ ಜಾಗದಲ್ಲಿ ಬಂದಿದೆ ಎಂಬುದು ದೊಡ್ಡ ಸುಳಿವು. ಹಾಗಾದ ಮೇಲೆ, ಬೇಕಾದ ಪದವನ್ನು ನೂರಾರು ಸಲ ಬರೆದವರು ಮೇಲೆ ಬರುವುದು ಸಹಜವಾಗಿತ್ತು. ನೂರಾರು ಸಲ ಬರೆದದ್ದು ಓದುಗರಿಗೆ ಕಂಡರೆ ಅಸಹ್ಯವಾಗುತ್ತದೆ, ಆದ್ದರಿಂದ ಅದನ್ನು ಅಡಗಿಸಿದರು. ಅಡಗಿದ ಪಠ್ಯದ ಹುಟ್ಟಿನ ಕಥೆ ಇಷ್ಟೇ.

ಆಗ ಮೆಟಾ ಕೀವರ್ಡ್ ಎಂಬ ಅಧಿಕೃತ ಜಾಗವೂ ಒಂದಿತ್ತು. ಈ ಪುಟ ಯಾವ ವಿಷಯಗಳಿಗೆ ಸಂಬಂಧಿಸಿದ್ದು ಎಂದು ಲೇಖಕರೇ ಯಂತ್ರಕ್ಕೆ ತಿಳಿಸುವ, ಓದುಗರಿಗೆ ಕಾಣದ ಪಟ್ಟಿ ಅದು. ಕಾಣದ ಜಾಗದಲ್ಲಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಅವಕಾಶ ಸಿಕ್ಕಾಗ ಜನ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಪುಟಕ್ಕೆ ಸಂಬಂಧವೇ ಇಲ್ಲದ ಜನಪ್ರಿಯ ಪದಗಳಿಂದ ಆ ಪಟ್ಟಿಗಳು ತುಂಬಿಹೋದವು. ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿಯೇ ಇದರ ಪ್ರಸ್ತಾಪವಿದೆ. ಓದುಗರಿಗೆ ನೇರವಾಗಿ ತೋರದ ಯಾವ ಪಠ್ಯವೇ ಆದರೂ ಸರ್ಚ್ ಎಂಜಿನ್‌ಗಳ ಮೇಲೆ ಪ್ರಭಾವ ಬೀರಲು ದುರ್ಬಳಕೆಯಾಗುತ್ತಿರುವುದರಿಂದ ಅಂಥ ಮಾಹಿತಿಯನ್ನು ಆಧರಿಸಿದ ಪ್ರಯತ್ನಗಳು ಹೆಚ್ಚಿನಂಶ ಸೋತಿವೆ ಎಂದು ಅವರು ಗುರುತಿಸಿದ್ದರು. ತಾನು ಜಾಲಹುಡುಕಾಟದ ಕ್ರಮನಿರ್ಣಯದಲ್ಲಿ ಮೆಟಾ ಕೀವರ್ಡ್ ಪಟ್ಟಿಯನ್ನು ಪರಿಗಣಿಸುವುದಿಲ್ಲ ಎಂದು ಗೂಗಲ್ 2009ರಲ್ಲಿ ಬಹಿರಂಗವಾಗಿಯೇ ಹೇಳಿತು. ಪ್ರಾಮಾಣಿಕರಿಗೆ ಉಪಯುಕ್ತವಾಗಬಹುದಾಗಿದ್ದ ಒಂದು ಸೌಲಭ್ಯ ಹೀಗೆ ಎಲ್ಲರ ಪಾಲಿಗೂ ನಿರುಪಯುಕ್ತವಾಯಿತು.

ಗೂಗಲ್‌ನ ಪೇಜ್‌ರ್‍ಯಾಂಕ್ ವಿಧಾನ ಪುಟದ ಪದಗಳ ಜೊತೆಗೆ, ಆ ಪುಟಕ್ಕೆ ಬೇರೆ ಯಾರು ಯಾರು ಕೊಂಡಿ ಕೊಟ್ಟಿದ್ದಾರೆ ಎಂಬುದನ್ನೂ ತೂಗುತ್ತಿತ್ತು. ಇದರಿಂದ ಅಡಗಿದ ಪದಗಳ ಬೆಲೆ ಇಳಿಯಿತು, ಅಡಗಿದ ಕೊಂಡಿಗಳ ಬೆಲೆ ಏರಿತು. 2005ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ ವರ್ಡ್‌ಪ್ರೆಸ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಜನಪ್ರಿಯ ಮುಕ್ತ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಅಧಿಕೃತ ತಾಣದಲ್ಲಿ, ಜಾಹೀರಾತಿಗೆ ಹೆಚ್ಚು ಹಣ ತರುವ ವಿಷಯಗಳ ಮೇಲಿನ ಅಪಾರ ಸಂಖ್ಯೆಯ ಲೇಖನಗಳಿದ್ದವು. ಮುಖಪುಟದಿಂದ ಅವುಗಳಿಗೆ ಕೊಟ್ಟಿದ್ದ ಕೊಂಡಿಗಳನ್ನು ಪರದೆಯ ಆಚೆಗೆ ತಳ್ಳಿ ಕಾಣದಂತೆ ಮಾಡಲಾಗಿತ್ತು. ತಾಣದ ಒಳ್ಳೆಯ ಹೆಸರು ಆ ಲೇಖನಗಳಿಗೆ ಬಲ ಕೊಡುತ್ತಿತ್ತು. ಯೋಜನೆಯ ಖರ್ಚಿಗೆ ಹಣ ಹೊಂದಿಸುವುದು ಅದರ ಹಿಂದಿನ ಕಾರಣವಾಗಿತ್ತು. ವಿಷಯ ಬಯಲಾದ ಮೇಲೆ ಸರ್ಚ್ ಎಂಜಿನ್‌ಗಳು ಕ್ರಮ ಕೈಗೊಂಡವು, ಯೋಜನೆಯ ಮುಖ್ಯಸ್ಥರು ಅವನ್ನು ತೆಗೆದುಹಾಕಿದರು. ಉದ್ದೇಶ ಒಳ್ಳೆಯದಿದ್ದರೆ ಅಡಗಿಸುವುದು ಸರಿಯೇ ಎಂಬ ಪ್ರಶ್ನೆಯನ್ನು ಈ ಪ್ರಕರಣ ಎತ್ತಿತು. ಅದಕ್ಕೆ ಮುಂದೆ ಬರೋಣ.

ಮರುವರ್ಷ, 2006ರ ಫೆಬ್ರವರಿಯಲ್ಲಿ, ಕಾರು ತಯಾರಕ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ತಾಣವನ್ನು ಗೂಗಲ್ ತನ್ನ ಸೂಚಿಯಿಂದ ಕೆಲವು ದಿನಗಳ ಕಾಲ ಹೊರಗಿಟ್ಟಿತು. ಬಳಸಿದ ಕಾರುಗಳಿಗೆ ಸಂಬಂಧಿಸಿದ ಪದಗಳನ್ನು ಮತ್ತೆ ಮತ್ತೆ ತುಂಬಿದ್ದ ಪುಟಗಳನ್ನು ಬಾಟ್‌ಗೆ ತೋರಿಸಿ, ಮನುಷ್ಯರು ಬಂದಾಗ ಅವರನ್ನು ಬೇರೆ ಪುಟಕ್ಕೆ ಸಾಗಹಾಕುತ್ತಿದ್ದುದು ಕಾರಣ. ಹುಡುಕಿದರೆ ಯಾರಿಗಾದರೂ ಸಿಗುವಷ್ಟು ಪ್ರಸಿದ್ಧವಾದ ಕಂಪನಿಯೊಂದು ಇಂಥ ಉಪಾಯಕ್ಕೆ ಇಳಿದದ್ದು ಇವತ್ತಿಗೂ ಸೋಜಿಗದ ವಿಷಯವೇ.

ಅಡಗಿದ್ದೆಲ್ಲ ಮೋಸವಲ್ಲ

ಇಲ್ಲಿ ಒಂದು ಎಚ್ಚರಿಕೆ ಬೇಕು. ಇಂದಿನ ಜಾಲಪುಟಗಳಲ್ಲಿ ಮೊದಲ ನೋಟಕ್ಕೆ ಕಾಣದ ಪಠ್ಯ ಧಾರಾಳವಾಗಿರುತ್ತದೆ. ಪ್ರಶ್ನೆಯನ್ನು ಒತ್ತಿದಾಗ ಮಾತ್ರ ತೆರೆದುಕೊಳ್ಳುವ ಉತ್ತರ, ಟ್ಯಾಬ್‌ಗಳಲ್ಲಿ ಹಂಚಿಟ್ಟ ವಿವರ, ಒಂದಾದ ಮೇಲೊಂದು ಸರಿಯುವ ಚಿತ್ರಗಳ ಜೊತೆಗಿನ ಬರಹ, ಮೌಸ್ ಇಟ್ಟಾಗ ಮೂಡುವ ಟಿಪ್ಪಣಿ ಇವೆಲ್ಲ ಆ ಗುಂಪಿಗೆ ಸೇರುತ್ತವೆ. ಮೊಬೈಲಿನ ಸಣ್ಣ ಪರದೆಯಲ್ಲಿ ಇವಿಲ್ಲದೆ ಪುಟ ಕಟ್ಟುವುದೇ ಕಷ್ಟ. ಹುಡುಕಾಟದ ಫಲಿತಾಂಶಗಳನ್ನು ಕೆಡಿಸುವ ಉಪಾಯಗಳನ್ನು ತಡೆಯಲು ಮಾಡಿದ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಗೂಗಲ್ ಇವನ್ನು ತಪ್ಪಲ್ಲವೆಂದು ಹೆಸರಿಸಿಯೇ ಹೇಳುತ್ತದೆ. ಓದುಗರು ಬಯಸಿದರೆ ಒಂದು ಒತ್ತಿನಲ್ಲಿ ಈ ಪಠ್ಯ ಸಿಗುತ್ತದೆ ಎಂಬುದೇ ಇಲ್ಲಿನ ವ್ಯತ್ಯಾಸ.

ಇನ್ನೊಂದು ಗುಂಪು ಹೆಚ್ಚು ಮಹತ್ವದ್ದು. ಕಣ್ಣು ಕಾಣದವರು ಮತ್ತು ದೃಷ್ಟಿ ಮಂದವಾಗಿರುವವರು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ ಪುಟವನ್ನು ಕೇಳಿಸಿಕೊಳ್ಳುತ್ತಾರೆ. ಅವರಿಗಾಗಿ ಚಿತ್ರಕ್ಕೆ ಬರೆಯುವ ವಿವರಣೆ, ಕೇವಲ ಚಿಹ್ನೆಯಿರುವ ಗುಂಡಿಯ ಹೆಸರು, ಪ್ರತಿ ಪುಟದ ಮೇಲ್ಭಾಗದ ಮೆನುವನ್ನು ದಾಟಿ ನೇರವಾಗಿ ಮುಖ್ಯ ಬರಹಕ್ಕೆ ಹೋಗುವ ಕೊಂಡಿ ಇವು ಪರದೆಯ ಮೇಲೆ ಕಾಣದಿದ್ದರೂ ಪುಟದಲ್ಲಿರುತ್ತವೆ. ಇವನ್ನು ಅಡಗಿಸುವ ತಂತ್ರವೂ ಕೆಲವೊಮ್ಮೆ ಸ್ಪ್ಯಾಮ್ ಮಾಡುವವರು ಬಳಸುವ ತಂತ್ರವೇ. ಕೋಡನ್ನು ಮಾತ್ರ ನೋಡಿದರೆ ಸೇವೆ ಯಾವುದು, ವಂಚನೆ ಯಾವುದು ಎಂದು ಹೇಳಲಾಗದ ಪ್ರಸಂಗಗಳು ಬರುತ್ತವೆ. ಯಾರಿಗಾಗಿ ಅಡಗಿಸಿದ್ದು ಎಂದು ಕೇಳಿದಾಗ ಮಾತ್ರ ಉತ್ತರ ಸ್ಪಷ್ಟವಾಗುತ್ತದೆ.

ಎಸ್‌ಇಒ ಚರ್ಚೆಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ ಸಂಗತಿಯೊಂದು ಇಲ್ಲಿಯೇ ಇದೆ. ಬಿಳಿಯ ಮೇಲೆ ಬಿಳಿ ಬರೆದದ್ದು ಎಲ್ಲರಿಗೂ ಅಡಗಿರುವುದಿಲ್ಲ. ಸ್ಕ್ರೀನ್ ರೀಡರ್ ಬಣ್ಣವನ್ನು ನೋಡುವುದಿಲ್ಲ, ಕಡತದಲ್ಲಿರುವ ಪಠ್ಯವನ್ನು ಓದುತ್ತದೆ. ಬಾಟ್‌ಗಾಗಿ ತುರುಕಿದ ಪದಗಳ ಸರಮಾಲೆಯನ್ನು ಅದು ಸಾಲು ಸಾಲಾಗಿ ಉಚ್ಚರಿಸುತ್ತ ಹೋಗುತ್ತದೆ. ಚಿತ್ರದ ವಿವರಣೆಯ ಜಾಗದಲ್ಲಿ ಕೀವರ್ಡ್‌ಗಳನ್ನು ತುಂಬಿದರೂ ಆಗುವುದು ಅದೇ: ಚಿತ್ರದಲ್ಲಿ ಏನಿದೆ ಎಂದು ತಿಳಿಯಲು ಕಾದವರ ಕಿವಿಗೆ ಬೀಳುವುದು ಮಾರಾಟದ ಪದಗಳು. ಯಾರೂ ಓದದ ಪಠ್ಯದಿಂದ ಯಾರಿಗೆ ನಷ್ಟ ಎಂದು ಕೇಳುವವರು ಈ ಓದುಗರನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ತಪ್ಪು ನಿಖರವಾಗಿ ಎಲ್ಲಿದೆ

ಸಾಮಾನ್ಯ ಸುಳ್ಳಿನಲ್ಲಿ ಒಬ್ಬರು ಇನ್ನೊಬ್ಬರಿಗೆ ನೇರವಾಗಿ ತಪ್ಪು ಹೇಳುತ್ತಾರೆ. ಅಡಗಿದ ಪಠ್ಯದ ಸ್ವರೂಪ ಸ್ವಲ್ಪ ಬೇರೆ. ಇಲ್ಲಿ ಲೇಖಕರು ಓದುಗರಿಗೆ ಏನನ್ನೂ ಹೇಳುವುದಿಲ್ಲ, ನಡುವಿನ ಯಂತ್ರಕ್ಕೆ ಹೇಳುತ್ತಾರೆ. ಯಂತ್ರ ಅದನ್ನು ನಂಬಿ, ಈ ಪುಟ ನಿಮ್ಮ ಪ್ರಶ್ನೆಗೆ ಹೊಂದುತ್ತದೆ ಎಂದು ಓದುಗರಿಗೆ ತಿಳಿಸುತ್ತದೆ. ಓದುಗರು ನಂಬುವುದು ಲೇಖಕರನ್ನಲ್ಲ, ಯಂತ್ರದ ಆಯ್ಕೆಯನ್ನು. ಅಂದರೆ ಮೂರನೆಯವರ ಸಾಕ್ಷ್ಯವನ್ನು ಅವರಿಗೆ ತಿಳಿಯದಂತೆ ಕೆಡಿಸಲಾಗಿರುತ್ತದೆ. ಹಾಗಾಗಿಯೇ ಲೇಖಕರು ತಾವು ಒಂದು ಸುಳ್ಳು ವಾಕ್ಯವನ್ನೂ ಬರೆದಿಲ್ಲ ಎಂದು ವಾದಿಸಬಲ್ಲರು, ಮತ್ತು ಆ ವಾದ ಅಕ್ಷರಶಃ ನಿಜವೂ ಆಗಿರಬಹುದು.

ಇದಕ್ಕಿಂತ ಆಳದ ತೊಂದರೆ ಹೊಣೆಗಾರಿಕೆಯದು. ಕಾಣುವಂತೆ ಬರೆದ ಮಾತಿಗೆ ಬರೆದವರು ಬದ್ಧರಾಗಬೇಕಾಗುತ್ತದೆ. ಒಂದು ತಾಣ ತನ್ನ ಸೇವೆ ಎಲ್ಲರಿಗಿಂತ ಉತ್ತಮ ಎಂದು ದೊಡ್ಡ ಅಕ್ಷರದಲ್ಲಿ ಬರೆದರೆ ಗ್ರಾಹಕರು ಅದನ್ನು ಪ್ರಶ್ನಿಸಬಹುದು, ಸ್ಪರ್ಧಿಗಳು ಆಕ್ಷೇಪಿಸಬಹುದು, ಪತ್ರಕರ್ತರು ಪರಿಶೀಲಿಸಬಹುದು. ಅಡಗಿಸಿ ಬರೆದ ಮಾತಿನಿಂದ ಲಾಭ ಬರುತ್ತದೆ, ಪ್ರಶ್ನೆ ಬರುವುದಿಲ್ಲ. ಎಲ್ಲರ ಮುಂದೆ ಹೇಳಲು ಸಿದ್ಧವಿಲ್ಲದ್ದನ್ನು ಹೇಳಿದ್ದರ ಫಲ ಮಾತ್ರ ಬೇಕು ಎಂಬ ಈ ನಿಲುವೇ, ನನ್ನ ದೃಷ್ಟಿಯಲ್ಲಿ, ಇಡೀ ವಿಷಯದ ತಿರುಳು. ಅಡಗಿದ ಪಠ್ಯ ಸತ್ಯವಾಗಿದ್ದಾಗಲೂ ಅದು ಇರಿಸುಮುರಿಸು ಉಂಟುಮಾಡುವುದು ಇದೇ ಕಾರಣಕ್ಕೆ.

ನಷ್ಟ ಯಾರಿಗೆ ಎಂಬ ಪ್ರಶ್ನೆಗೆ ಒಬ್ಬರಿಗಿಂತ ಹೆಚ್ಚು ಜನ ಉತ್ತರವಾಗುತ್ತಾರೆ. ಹುಡುಕುವವರ ಸಮಯ ಹಾಳಾಗುವುದು ಸಣ್ಣ ನಷ್ಟ. ಹುಡುಕುತ್ತಿರುವುದು ಒಂದು ರೋಗದ ಚಿಕಿತ್ಸೆಯನ್ನೋ ಸಾಲದ ನಿಯಮವನ್ನೋ ಆಗಿದ್ದರೆ ನಷ್ಟ ಸಣ್ಣದಾಗಿ ಉಳಿಯುವುದಿಲ್ಲ. ಪ್ರಾಮಾಣಿಕವಾಗಿ ಬರೆದು ಕೆಳಗೆ ತಳ್ಳಲ್ಪಟ್ಟ ಪುಟದ ಒಡೆಯರಿಗೆ ತಾವು ಸೋತದ್ದು ಏಕೆಂದು ತಿಳಿಯುವುದೇ ಇಲ್ಲ. ಹಣ ಕೊಟ್ಟು ಎಸ್‌ಇಒ ಕೆಲಸ ಮಾಡಿಸಿಕೊಂಡ ಗ್ರಾಹಕರನ್ನೂ ಇಲ್ಲಿ ಮರೆಯುವಂತಿಲ್ಲ. ಗುತ್ತಿಗೆದಾರರು ಹೇಳದೆ ಅಡಗಿದ ಪಠ್ಯ ತುಂಬಿಸಿದ್ದರೆ, ಸಿಕ್ಕಿಬಿದ್ದ ದಿನ ದಂಡ ಬೀಳುವುದು ಗ್ರಾಹಕರ ತಾಣಕ್ಕೆ.

ಸಮರ್ಥನೆಗಳು ಎಷ್ಟು ನಿಲ್ಲುತ್ತವೆ

ಅಡಗಿಸಿದ ಪಠ್ಯ ಪುಟಕ್ಕೆ ಸಂಬಂಧಿಸಿದ್ದೇ ಆಗಿದ್ದರೆ ಮೋಸವೆಲ್ಲಿ ಬಂತು ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ವಾದ. ಪುಟದ ತುಂಬ ಚಿತ್ರಗಳೇ ಇರುವ ಕಲಾವಿದರೊಬ್ಬರು ತಮ್ಮ ಕೃತಿಗಳ ಹೆಸರುಗಳನ್ನು ಬಾಟ್‌ಗೆ ಸಿಗಲೆಂದು ಅಡಗಿಸಿಡುತ್ತಾರೆ ಎಂದುಕೊಳ್ಳಿ. ಜನ ತಮ್ಮ ಹೆಸರನ್ನು ತಪ್ಪಾಗಿ ಟೈಪ್ ಮಾಡುತ್ತಾರೆಂದು ಇನ್ನೊಬ್ಬರು ಆ ತಪ್ಪು ಕಾಗುಣಿತಗಳನ್ನು ಕಾಣದಂತೆ ಬರೆದಿಡುತ್ತಾರೆ. ಹುಡುಕಿ ಬಂದವರಿಗೆ ಬೇಕಾದ್ದು ಸಿಗುತ್ತದೆ, ಯಾರೂ ದಾರಿ ತಪ್ಪುವುದಿಲ್ಲ. ಸರ್ಚ್ ಎಂಜಿನ್‌ಗಳು ಚಿತ್ರವನ್ನಾಗಲಿ ಕಾಗುಣಿತದ ತಪ್ಪನ್ನಾಗಲಿ ಅರ್ಥಮಾಡಿಕೊಳ್ಳಲಾರದ ಕಾಲದಲ್ಲಿ ಇದನ್ನು ವಂಚನೆಯೆಂದು ಕರೆಯುವುದು ಅತಿಯಾಗುತ್ತಿತ್ತು. ಆದರೆ ಆ ಅಗತ್ಯ ಈಗ ಬಹುತೇಕ ಉಳಿದಿಲ್ಲ. ಚಿತ್ರಕ್ಕೆ ವಿವರಣೆ ಬರೆಯಲು ಅಧಿಕೃತ ಜಾಗವಿದೆ, ಕಾಗುಣಿತವನ್ನು ಯಂತ್ರವೇ ತಿದ್ದುತ್ತದೆ, ಕೃತಿಯ ಹೆಸರನ್ನು ಚಿತ್ರದ ಕೆಳಗೆ ಕಾಣುವಂತೆ ಬರೆದರೆ ಓದುಗರಿಗೂ ಅನುಕೂಲ. ಸಂಬಂಧಪಟ್ಟ ಪಠ್ಯವೇ ಆಗಿದ್ದರೆ ತೋರಿಸಲು ಅಡ್ಡಿಯೇನು ಎಂಬ ಮರುಪ್ರಶ್ನೆಗೆ, ಪುಟದ ಅಂದ ಕೆಡುತ್ತದೆ ಎಂಬುದರ ಹೊರತು ಬೇರೆ ಉತ್ತರ ಸಿಗುವುದು ಅಪರೂಪ.

ಗೂಗಲ್‌ನ ನಿಯಮಗಳು ಒಂದು ಖಾಸಗಿ ಕಂಪನಿಯ ನಿಯಮಗಳು, ಅವನ್ನು ಮುರಿದರೆ ನೀತಿಯನ್ನು ಮುರಿದಂತಾಗುವುದಿಲ್ಲ ಎಂಬುದು ಎರಡನೆಯ ವಾದ. ಇದರಲ್ಲಿ ಸತ್ಯಾಂಶವಿದೆ. ನಿಯಮ ಮಾಡುವವರೂ ತೀರ್ಪು ಕೊಡುವವರೂ ಜಾಹೀರಾತಿನಿಂದ ಲಾಭ ಪಡೆಯುವವರೂ ಒಬ್ಬರೇ ಆಗಿರುವ ವ್ಯವಸ್ಥೆಯನ್ನು ಅನುಮಾನದಿಂದ ನೋಡುವುದು ತಪ್ಪಲ್ಲ. (ಪ್ರಚಾರಕ್ಕಾಗಿ ಹಣ ಪಡೆದು ಬರೆದ ಲೇಖನಗಳಲ್ಲಿ ಕ್ರೋಮ್ ಬ್ರೌಸರ್‌ಗೆ ಕೊಂಡಿ ಕಂಡುಬಂದಾಗ, 2012ರ ಜನವರಿಯಲ್ಲಿ ಗೂಗಲ್ ತನ್ನದೇ ಕ್ರೋಮ್ ಪುಟವನ್ನು ಫಲಿತಾಂಶಗಳಲ್ಲಿ ಕೆಳಗಿಳಿಸಿತ್ತು ಎಂಬುದನ್ನೂ ಹೇಳಬೇಕು.) ಆದರೂ ನಿಯಮಗಳಲ್ಲಿ ಎರಡು ಬಗೆಯಿದೆ. ಕೆಲವು ಆ ಕಂಪನಿಯ ಅನುಕೂಲಕ್ಕೆ ಮಾಡಿಕೊಂಡ ಕಟ್ಟಳೆಗಳು. ಇನ್ನು ಕೆಲವು, ನಿಯಮ ಬರೆಯದೆ ಇದ್ದರೂ ತಪ್ಪೆಂದು ತೋರುವಂಥವು. ಗೂಗಲ್ ನಾಳೆ ತನ್ನ ನಿಯಮವನ್ನು ಹಿಂತೆಗೆದುಕೊಂಡರೂ ಹುಡುಕಿ ಬಂದವರಿಗೆ ಇಲ್ಲದ್ದನ್ನು ಇದೆಯೆಂದು ಸೂಚಿಸಿದ್ದು ಹಾಗೆಯೇ ಉಳಿಯುತ್ತದೆ. ಅಡಗಿದ ಪಠ್ಯ ಈ ಎರಡನೆಯ ಬಗೆಗೆ ಸೇರುತ್ತದೆ.

ಎಲ್ಲರೂ ಮಾಡುತ್ತಾರೆ, ನಾವು ಮಾಡದಿದ್ದರೆ ಹಿಂದೆ ಬೀಳುತ್ತೇವೆ ಎಂಬ ವಾದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಎಲ್ಲರೂ ಒಂದೇ ಪದವನ್ನು ಸಾವಿರ ಸಲ ಅಡಗಿಸಿಟ್ಟರೆ ಯಾರೂ ಮುಂದೆ ಬರುವುದಿಲ್ಲ, ಸೂಚಿ ಮಾತ್ರ ಕೊಳೆಯುತ್ತದೆ. ವರ್ಡ್‌ಪ್ರೆಸ್ ಪ್ರಕರಣದಂತೆ ಒಳ್ಳೆಯ ಉದ್ದೇಶಕ್ಕಾಗಿ ಮಾಡಿದ್ದು ಎಂಬ ವಾದ ಸ್ವಲ್ಪ ಕಠಿಣ. ಉಚಿತವಾಗಿ ಸಿಗುವ ತಂತ್ರಾಂಶಕ್ಕೆ ಹಣ ಬೇಕೆಂಬುದು ನಿಜ. ಆ ಹಣವನ್ನು ಕೊಟ್ಟವರು ಮಾತ್ರ ತಾವು ಕೊಡುತ್ತಿದ್ದೇವೆಂದು ತಿಳಿಯದ ಹುಡುಕಾಟಗಾರರು. ದೇಣಿಗೆ ಕೇಳಿದ್ದರೆ ಅಥವಾ ಜಾಹೀರಾತನ್ನು ಮುಖಪುಟದಲ್ಲಿಯೇ ಹಾಕಿದ್ದರೆ, ಬೇಡವೆನ್ನುವ ಅವಕಾಶ ಅವರಿಗಿರುತ್ತಿತ್ತು.

ಹಣ ಕೊಟ್ಟು ಓದುವ ಸುದ್ದಿತಾಣಗಳ ಉದಾಹರಣೆ ಇಲ್ಲಿ ಉಪಯುಕ್ತ. ಚಂದಾದಾರರಲ್ಲದವರಿಗೆ ಲೇಖನದ ಕೆಲವು ಸಾಲು ಮಾತ್ರ ಕಾಣುತ್ತದೆ, ಬಾಟ್‌ಗೆ ಪೂರ್ತಿ ಲೇಖನ ಸಿಗುತ್ತದೆ. ತಾಂತ್ರಿಕವಾಗಿ ಇದು ಕ್ಲೋಕಿಂಗ್‌ಗೆ ಬಹಳ ಹತ್ತಿರ. ಆದರೆ ಲೇಖನದ ಯಾವ ಭಾಗ ಚಂದಾದಾರರಿಗೆ ಮೀಸಲು ಎಂದು ನಿಗದಿತ ಗುರುತುಗಳ ಮೂಲಕ ತಾಣ ಘೋಷಿಸಿದರೆ ಗೂಗಲ್ ಅದನ್ನು ಒಪ್ಪುತ್ತದೆ. ಓದುಗರಿಗೂ ಬೀಗ ಕಣ್ಣೆದುರೇ ಇರುತ್ತದೆ, ಒಳಗೆ ಏನಿದೆಯೆಂದು ಸರ್ಚ್ ಎಂಜಿನ್ ಹೇಳಿತೋ ಅದೇ ಒಳಗಿರುತ್ತದೆ.

ಸ್ಪರ್ಧಿಯ ಹೆಸರನ್ನು ಅಡಗಿಸಿದಾಗ

ಅಡಗಿದ ಪಠ್ಯ ನ್ಯಾಯಾಲಯದ ಮೆಟ್ಟಿಲೇರಿದ್ದು ಮುಖ್ಯವಾಗಿ ಟ್ರೇಡ್‌ಮಾರ್ಕ್ ವಿವಾದಗಳ ಮೂಲಕ. ಅಮೆರಿಕದ ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 1999ರಲ್ಲಿ ಬ್ರೂಕ್‌ಫೀಲ್ಡ್ ಪ್ರಕರಣದಲ್ಲಿ, ವೀಡಿಯೊ ಬಾಡಿಗೆ ಕಂಪನಿಯೊಂದು ಸ್ಪರ್ಧಿಯ ಟ್ರೇಡ್‌ಮಾರ್ಕನ್ನು ತನ್ನ ಮೆಟಾ ಟ್ಯಾಗ್‌ಗಳಲ್ಲಿ, ಅಂದರೆ ಮೆಟಾ ಕೀವರ್ಡ್‌ನಂಥ ಓದುಗರಿಗೆ ಕಾಣದ ಜಾಗಗಳಲ್ಲಿ, ಬಳಸುವಂತಿಲ್ಲ ಎಂಬ ನಿಲುವು ತಳೆಯಿತು. ತಾಣಕ್ಕೆ ಬಂದ ಮೇಲೆ ಗ್ರಾಹಕರಿಗೆ ಅದು ಬೇರೆ ಕಂಪನಿಯೆಂದು ಗೊತ್ತಾದರೂ, ಅವರನ್ನು ಅಲ್ಲಿಗೆ ತಂದದ್ದು ಇನ್ನೊಬ್ಬರ ಹೆಸರಿನ ಬಲ ಎಂಬುದು ಅದರ ತರ್ಕ. 2002ರ ವೆಲ್ಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಬದಿಯನ್ನೂ ತೋರಿಸಿತು. ಪ್ಲೇಬಾಯ್ ಪತ್ರಿಕೆಯಿಂದ ಬಿರುದು ಪಡೆದಿದ್ದ ರೂಪದರ್ಶಿಯೊಬ್ಬರು ತಮ್ಮನ್ನು ಪರಿಚಯಿಸಿಕೊಳ್ಳಲು ಆ ಹೆಸರುಗಳನ್ನು ಮೆಟಾ ಟ್ಯಾಗ್‌ಗಳಲ್ಲಿ ಬಳಸಿದ್ದನ್ನು ಅದು ನ್ಯಾಯಯುತವೆಂದಿತು. ಪುಟದ ಹಿನ್ನೆಲೆಯ ತುಂಬ ಬಿರುದಿನ ಸಂಕ್ಷೇಪವನ್ನು ಮತ್ತೆ ಮತ್ತೆ ಮೂಡಿಸಿದ್ದಕ್ಕೆ ಮಾತ್ರ ಆ ರಕ್ಷಣೆ ಸಿಗಲಿಲ್ಲ. ಅವರು ಯಾರೆಂದು ತಿಳಿಸಲು ಅಷ್ಟು ಸಲ ಹೇಳಬೇಕಾದ ಅಗತ್ಯವಿರಲಿಲ್ಲ ಎಂಬುದು ಕಾರಣ.

ಯಂತ್ರಕ್ಕೆ ಆಜ್ಞೆ ಕೊಡುವ ಪಠ್ಯ

ಎಐ ಸಾಧನಗಳು ಜಾಲಪುಟಗಳನ್ನು ಓದಿ ಸಾರಾಂಶ ಹೇಳಲು ತೊಡಗಿದ ಮೇಲೆ ಹಳೆಯ ಉಪಾಯಕ್ಕೆ ಹೊಸ ಬಲ ಬಂದಿದೆ. ಸರ್ಚ್ ಎಂಜಿನ್‌ಗೆ ಅಡಗಿದ ಪದ ಕೇವಲ ಒಂದು ಸುಳಿವಾಗಿತ್ತು, ಅದನ್ನು ಅದು ಇತರ ಸುಳಿವುಗಳ ಜೊತೆ ತೂಗಿ ನೋಡುತ್ತಿತ್ತು. ಎಐ ಸಾಧನಗಳ ಹಿಂದಿರುವ ಭಾಷಾ ಮಾದರಿಗಳು ವಾಕ್ಯಗಳನ್ನು ಸೂಚನೆಗಳಾಗಿಯೂ ಅರ್ಥಮಾಡಿಕೊಳ್ಳುತ್ತವೆ. ತಾನು ಓದುತ್ತಿರುವ ಮಾಹಿತಿ ಯಾವುದು, ತನ್ನನ್ನು ಬಳಸುತ್ತಿರುವವರ ಆಜ್ಞೆ ಯಾವುದು ಎಂಬ ಗೆರೆಯನ್ನು ಅವು ಯಾವಾಗಲೂ ಸರಿಯಾಗಿ ಎಳೆಯಲಾರವು. ಈ ದೌರ್ಬಲ್ಯವನ್ನು ಬಳಸಿಕೊಳ್ಳುವುದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಎನ್ನುತ್ತಾರೆ. 2024ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಚಾಟ್‌ಜಿಪಿಟಿಯ ಹುಡುಕಾಟ ಸೌಲಭ್ಯವನ್ನು ಪರೀಕ್ಷಿಸಿದಾಗ, ಪುಟದಲ್ಲಿ ಅಡಗಿಸಿಟ್ಟ ಪಠ್ಯದಿಂದ ಅದರ ಉತ್ತರವನ್ನು ಉತ್ಪನ್ನದ ಪರವಾಗಿ ತಿರುಗಿಸಬಹುದೆಂದು ಕಂಡುಬಂದಿತು. ಬಿಂಗ್ ತನ್ನ ಮಾರ್ಗಸೂಚಿಗಳಲ್ಲಿ ಇಂಥ ಪಠ್ಯವನ್ನು ಹೆಸರಿಸಿಯೇ ನಿಷೇಧಿಸಿದೆ.

ನೈತಿಕ ಪ್ರಶ್ನೆ ಇಲ್ಲಿ ಹೆಚ್ಚು ತೀಕ್ಷ್ಣವಾಗುತ್ತದೆ. ಹಳೆಯ ಹುಡುಕಾಟದಲ್ಲಿ ತಪ್ಪು ಪುಟಕ್ಕೆ ಬಂದವರು ಅದನ್ನು ಕಣ್ಣಾರೆ ಕಂಡು ಹಿಂತಿರುಗಬಹುದಾಗಿತ್ತು. ಎಐ ಸಾರಾಂಶವನ್ನು ಓದುವವರು ಎಷ್ಟೋ ಸಲ ಮೂಲ ಪುಟವನ್ನು ತೆರೆಯುವುದೇ ಇಲ್ಲವಾದ್ದರಿಂದ, ಉತ್ತರ ಹೀಗೇಕೆ ಬಂತೆಂದು ಅನುಮಾನಿಸಲು ಅವರಿಗೆ ಆಧಾರವೇ ಇರುವುದಿಲ್ಲ. ಪ್ರಬಂಧಗಳಲ್ಲಿ ಸೂಚನೆ ಅಡಗಿಸಿದ ಪ್ರಕರಣದಲ್ಲಿ, ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಸೋಮಾರಿ ಪರಿಶೀಲಕರನ್ನು ಹಿಡಿಯಲೆಂದೇ ಹಾಗೆ ಮಾಡಿದ್ದು ಎಂಬ ಸಮರ್ಥನೆಯೂ ಕೇಳಿಬಂತು. ಹಿಡಿಯುವುದಷ್ಟೇ ಉದ್ದೇಶವಾಗಿದ್ದರೆ ವಿಮರ್ಶೆಯಲ್ಲಿ ಒಂದು ಅಸಂಬದ್ಧ ಪದವನ್ನು ಸೇರಿಸಲು ಹೇಳಿದರೆ ಸಾಕಿತ್ತು, ಹೊಗಳಿಕೆಯನ್ನೇ ಕೇಳುವ ಅಗತ್ಯವಿರಲಿಲ್ಲ.

ತಾಣದ ಒಡೆಯರಿಗೇ ತಿಳಿಯದಿದ್ದರೆ

ಅಡಗಿದ ಪಠ್ಯವಿರುವ ತಾಣದ ಒಡೆಯರೆಲ್ಲ ಮೋಸಗಾರರಲ್ಲ. ಹಳೆಯ ತಂತ್ರಾಂಶದ ದೋಷವನ್ನು ಬಳಸಿ ಒಳನುಗ್ಗಿದವರು ಔಷಧ, ಜೂಜು ಮುಂತಾದ ವಿಷಯಗಳ ಕೊಂಡಿಗಳನ್ನು ಕಾಣದಂತೆ ಸೇರಿಸುವುದು ಸಾಮಾನ್ಯ ಸೈಬರ್ ಅಪರಾಧ. ಎಷ್ಟೋ ಸಲ ಆ ಕೊಂಡಿಗಳು ಬಾಟ್‌ಗೆ ಮಾತ್ರ ಕಾಣುವಂತಿರುತ್ತವೆ, ಆದ್ದರಿಂದ ಒಡೆಯರು ದಿನವೂ ತಮ್ಮ ತಾಣವನ್ನು ನೋಡುತ್ತಿದ್ದರೂ ಅವರಿಗೆ ತಿಳಿಯುವುದಿಲ್ಲ. ಎಲ್ಲೆಲ್ಲಿಂದಲೋ ಇಳಿಸಿಕೊಂಡ ಉಚಿತ ವಿನ್ಯಾಸಗಳ ಅಡಿಭಾಗದಲ್ಲಿಯೂ ಇಂಥ ಕೊಂಡಿಗಳು ಗೂಢಲಿಪಿಯಂತೆ ಬರೆದ ಸಾಲುಗಳ ಒಳಗೆ ಕುಳಿತಿರಬಹುದು.

ಪತ್ತೆ ಹಚ್ಚುವ ಪ್ರಾಥಮಿಕ ವಿಧಾನಗಳಿಗೆ ತಂತ್ರಜ್ಞರೇ ಬೇಕಿಲ್ಲ. ಕಂಪ್ಯೂಟರಿನಲ್ಲಿ ಪುಟ ತೆರೆದು ಎಲ್ಲವನ್ನೂ ಒಟ್ಟಿಗೆ ಆಯ್ಕೆ ಮಾಡಿದರೆ ಬಿಳಿಯ ಮೇಲಿನ ಬಿಳಿ ಅಕ್ಷರಗಳು ಎದ್ದು ಕಾಣುತ್ತವೆ. ಬ್ರೌಸರಿನಲ್ಲಿ ಪುಟದ ಮೂಲ ಕಡತವನ್ನು ತೆರೆದು, ಪರದೆಯ ಮೇಲೆ ಇಲ್ಲದ ಸಾಲುಗಳೇನಾದರೂ ಇವೆಯೇ ಎಂದು ಹೋಲಿಸಬಹುದು. ಬಾಟ್‌ಗೆ ಮಾತ್ರ ತೋರುವ ಪಠ್ಯ ಇವೆರಡರಲ್ಲಿಯೂ ಸಿಗುವುದಿಲ್ಲ. ಅದಕ್ಕೆ ತಾಣದ ಒಡೆಯರಿಗಾಗಿ ಗೂಗಲ್ ಒದಗಿಸುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ಒಂದೊಂದು ಪುಟದ ವಿಳಾಸವನ್ನು ಕೊಟ್ಟು ಪರೀಕ್ಷಿಸುವ ಸೌಲಭ್ಯವಿದೆ, ಬಾಟ್‌ಗೆ ಆ ಪುಟ ಹೇಗೆ ಸಿಕ್ಕಿತೆಂದು ಅದು ತೋರಿಸುತ್ತದೆ.

ಸರ್ಚ್ ಎಂಜಿನ್‌ನ ಕಡೆಯಲ್ಲಿಯೂ ಪತ್ತೆ ಕಾರ್ಯ ಸುಧಾರಿಸಿದೆ. ಗೂಗಲ್‌ಬಾಟ್ ಈಗ ಮೂಲ ಕಡತವನ್ನು ಓದುವುದಷ್ಟೇ ಅಲ್ಲದೆ, 2019ರಿಂದ ಕ್ರೋಮ್ ಬ್ರೌಸರಿನ ಇತ್ತೀಚಿನ ಆವೃತ್ತಿಗಳ ತಂತ್ರಾಂಶವನ್ನೇ ಬಳಸಿ ಪುಟವನ್ನು ಮೂಡಿಸಿಕೊಳ್ಳುತ್ತದೆ. ಯಂತ್ರದಿಂದ ತಪ್ಪಿಸಿಕೊಂಡದ್ದು ಸಿಬ್ಬಂದಿಯ ಕಣ್ಣಿಗೆ ಬಿದ್ದರೆ ತಾಣದ ಮೇಲೆ ನೇರ ಕ್ರಮ ಜಾರಿಯಾಗುತ್ತದೆ, ಅದರ ಸೂಚನೆ ಸರ್ಚ್ ಕನ್ಸೋಲ್‌ಗೆ ಬರುತ್ತದೆ. ಆಗ ಒಡೆಯರು ಆ ಪಠ್ಯವನ್ನು ತೆಗೆದು, ಅದು ಹೇಗೆ ಬಂದಿತ್ತು ಮತ್ತು ಏನೇನು ಸರಿಪಡಿಸಲಾಗಿದೆ ಎಂದು ವಿವರಿಸಿ ಮರುಪರಿಶೀಲನೆಗೆ ಮನವಿ ಸಲ್ಲಿಸಬೇಕು. ಪಠ್ಯವನ್ನು ಹೊರಗಿನವರು ತುರುಕಿದ್ದಾದರೆ, ಅವರು ನುಗ್ಗಿದ ದಾರಿಯನ್ನು ಮುಚ್ಚದೆ ಮನವಿ ಸಲ್ಲಿಸಿ ಪ್ರಯೋಜನವಿಲ್ಲ, ಅದೇ ದಾರಿಯಿಂದ ಅವರು ಮತ್ತೆ ಬರುತ್ತಾರೆ.